ಇಟಲಿಯ ಚೌಕದಲ್ಲಿ ನಮ್ಮ ಗುಂಡಪ್ಪ

ಗೌಸ್ ಆ ಚಿತ್ರವನ್ನು ತಂದದ್ದು ಚಿತ್ರಕ್ಕಾಗಿ ಅಲ್ಲ, ಗಾಜಿಗಾಗಿ. ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದ ಯಾವುದೋ ಔಷಧಿ ಕಂಪನಿಯವರು ತಮ್ಮ ಗೆಸ್ಟ್ ಹೌಸ್ ಖಾಲಿ ಮಾಡಿ ಸಾಮಾನನ್ನೆಲ್ಲ ಹರಾಜಿಗಿಟ್ಟಾಗ, ಬಾಗಿಲಷ್ಟು ದೊಡ್ಡ ಗಾಜಿನ ಚೌಕಟ್ಟೊಂದು ಅವನ ಕಣ್ಣಿಗೆ ಬಿತ್ತು. ಒಳಗಿನ ಚಿತ್ರ ಕಿತ್ತು ಬಿಸಾಕಿ, ‘ಸುಸಲಾ, ಮಿರ್ಚಿ ಭಜಿ, ಉದ್ರಿ ಕೇಳಬೇಡಿ’ ಎಂದು ಬರೆಸಿದ ಹಾಳೆ ಹಾಕಿ, ತನ್ನ ಚಹಾದ ಹೋಟೆಲಿನ ಗೋಡೆಗೆ ನೇತುಹಾಕುವುದು ಅವನ ಯೋಜನೆಯಾಗಿತ್ತು. ಆದರೆ ಚೌಕಟ್ಟಿನ ಹಿಂದಿನ ಮೊಳೆಗಳು ತುಕ್ಕು ಹಿಡಿದು ಕೂತಿದ್ದವು. ಎರಡು ಏಟು ಹಾಕಿದರೆ ಗಾಜೇ ಹೋಗುವ ಹಾಗಿತ್ತು. ಅವನು ಸುತ್ತಿಗೆ ಹಿಡಿದು ಯೋಚಿಸುತ್ತ ನಿಂತಿದ್ದಾಗ ಬಾಗಿಲಲ್ಲಿ ನಿಂತಿದ್ದ ಗುಂಡಪ್ಪ ಹೇಳಿದ:

“ಇರಲಿ ಬಿಡೋ ಗೌಸ. ಭಜಿ ಹೆಸರು ಓದಿ ಯಾರು ಭಜಿ ತಿಂತಾರ? ವಾಸನಿಗೆ ಬರ್ತಾರ. ಈ ಚಿತ್ರದಾಗ ಮಂದಿ ಅದಾರ. ನೋಡಾಕ ಛಲೋ ಅದ.”

ಹೀಗೆ ಹುಮನಾಬಾದಿನ ಚೌಕಿನ ಎದುರಿಗೆ, ಮಸಿ ಹಿಡಿದ ಗೋಡೆಯ ಮೇಲೆ, ಇಟಲಿಯ ಇನ್ನೊಂದು ಚೌಕ ಬಂದು ಕುಳಿತಿತು.

ನಾನು ಓದಿದವನು ಎಂಬ ಅಪವಾದ ಊರಲ್ಲಿ ಇರುವುದರಿಂದ ಅದರ ಕುಲಗೋತ್ರ ಹುಡುಕುವ ಕೆಲಸ ನನಗೆ ಬಂತು. ಮೊಬೈಲಿನಲ್ಲಿ ಅದರ ಫೋಟೊ ಹೊಡೆದು ಹುಡುಕಿ, ಇದರ ಮೂಲ ಹದಿನೆಂಟನೆಯ ಶತಮಾನದ್ದು, ಇಟಲಿಯ ಕಲಾವಿದನೊಬ್ಬ ಬರೆದದ್ದು ಎಂದು ಹೋಟೆಲಿನ ನಡುವೆ ನಿಂತು ಘೋಷಿಸಿದೆ. ಚಪ್ಪಾಳೆಯೇನೂ ಬೀಳಲಿಲ್ಲ.

“ಹದಿನೆಂಟನೇದು ಅಂದ್ರ ನಿಜಾಮನ ಕಾಲದ್ದು ಏನ್ ಮಾಸ್ತರ?” ಎಂದು ಗೌಸ್ ಕೇಳಿದ.

“ಹೆಚ್ಚೂಕಡಿಮೆ ಅದೇ ಕಾಲ.”

“ಹಂಗಾದ್ರ ಹೊಸದೇ ಬಿಡ್ರಿ,” ಎಂದು ಅವನು ಚಹಾ ಸೋಸಲು ಹೋದ.

ಚಿತ್ರ ಮಾತ್ರ ಭರ್ಜರಿಯಾಗಿತ್ತು. ಕಲ್ಲು ಹಾಸಿದ ದೊಡ್ಡ ಬಯಲು; ಎರಡೂ ಪಕ್ಕಕ್ಕೆ ನಮ್ಮ ಗಂಜಿನ, ಅಂದರೆ ಕಾಳಿನ ಪೇಟೆಯ, ಅಡತಿ ಅಂಗಡಿಗಳ ಹಾಗೆ ಸಾಲು ಕಮಾನು; ಒಂದು ಎತ್ತರದ ಗಂಟೆಯ ಗೋಪುರ, ಅದರ ಉದ್ದ ನೆರಳು. ಆ ಬಯಲಿನ ತುಂಬ ಮಂದಿಯೋ ಮಂದಿ. ಹಲಗೆಯ ಮೇಲೆ ಹತ್ತಿ ಬಾಟಲಿ ಎತ್ತಿ ಹಿಡಿದು ಯಾವುದೋ ಸರ್ವರೋಗದ ಔಷಧಿ ಮಾರುತ್ತಿರುವವನು, ಅವನ ಕೆಳಗೆ ಬಾಯಿ ತೆರೆದು ನಿಂತವರು, ಬೀಸಣಿಗೆ ಹಿಡಿದ ಹೆಂಗಸರು, ಬಿಳಿ ಟೋಪನ್ ಕೂದಲಿನ ಗೃಹಸ್ಥರು, ಕೆಂಪು ಕೋಟಿನ ಒಬ್ಬ ಶೋಕೀಲಾಲ, ನಡುನಡುವೆ ನಾಯಿಗಳು. ಯಾರೂ ಕೆಲಸ ಮಾಡುತ್ತಿರುವಂತೆ ಕಾಣುತ್ತಿರಲಿಲ್ಲ. ಬಹುಶಃ ಅದಕ್ಕೇ ಚಿತ್ರ ನಮ್ಮವರಿಗೆ ಅಷ್ಟು ಬೇಗ ಒಗ್ಗಿತು.

ಎಲ್ಲರಿಗಿಂತ ಹೆಚ್ಚಾಗಿ ಒಗ್ಗಿದ್ದು ಗುಂಡಪ್ಪನಿಗೆ.

ಗುಂಡಪ್ಪನ ಉದ್ಯೋಗವೇನು ಎಂದು ಕೇಳಿದರೆ ‘ನಿಲ್ಲುವುದು’ ಎಂದು ಹೇಳಬೇಕು. ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈ ಹಿಂದೆ ಕಟ್ಟಿಕೊಂಡು ಬಂದು, ಗೌಸನ ಹೋಟೆಲಿನ ಮುಂದೆ ನಿಂತನೆಂದರೆ ನಿಂತ. ಯಾವ ಬಸ್ಸಿನಿಂದ ಯಾರು ಇಳಿದರು, ಯಾರ ಕೈಯಲ್ಲಿ ಯಾವ ಅಂಗಡಿಯ ಚೀಲವಿದೆ, ಯಾರ ಸೊಸೆ ತವರಿಗೆ ಹೋಗುವಾಗ ಅಳುತ್ತಿದ್ದಳು, ಯಾರ ಸೊಸೆ ತವರಿನಿಂದ ಬರುವಾಗ ಅಳುತ್ತಿದ್ದಳು — ಎಲ್ಲ ಅವನಿಗೆ ಗೊತ್ತು. ಹೆಸರಿಗೆ ದುಬಲಗುಂಡಿಯಲ್ಲಿ ಒಂದು ತುಂಡು ಹೊಲವಿತ್ತು. ಅದನ್ನು ಪಾಲಿಗೆ ಕೊಟ್ಟಿದ್ದ. ಮನೆ ನಡೆಯುತ್ತಿದ್ದದ್ದು ಹೆಂಡತಿ ಪಾರ್ವತಿಬಾಯಿಯ ರೊಟ್ಟಿಯಿಂದ. ಊರಿನ ಖಾನಾವಳಿಗಳಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವಳು ಆಕೆ. ಬುಟ್ಟಿ ಹೊತ್ತು ಮುಟ್ಟಿಸುತ್ತಿದ್ದವಳೂ ಆಕೆಯೇ. ಈ ವಿಷಯ ಬಂದಾಗ ಗುಂಡಪ್ಪ, “ಧಂದಾ ಇಬ್ಬರೂ ಕೂಡಿ ನೋಡಿಕೊಳ್ಳಾಕತ್ತೀವಿ,” ಎನ್ನುತ್ತಿದ್ದ. ಅದರಲ್ಲಿ ಸುಳ್ಳೇನಿಲ್ಲ. ಆಕೆ ಧಂದಾ ಮಾಡುತ್ತಿದ್ದಳು, ಇವನು ನೋಡುತ್ತಿದ್ದ.

ಹಾಗೆಂದು ಅವನನ್ನು ನಿರುಪಯೋಗಿ ಎಂದು ತಿಳಿಯಬಾರದು. ನಮ್ಮ ಸೀಮೆಯಲ್ಲಿ ಗಂಡು ಹೆಣ್ಣು ಒಪ್ಪಿದ ಮೇಲೂ ಮದುವೆ ಆಗುವುದಿಲ್ಲ, ಚೌಕಶಿ ಆಗಬೇಕು. ದಕ್ಷಿಣದವರು ಚೌಕಾಸಿ ಎಂದರೆ ಬೆಲೆ ಜಗ್ಗುವುದು ಎಂದುಕೊಂಡಾರು. ನಮ್ಮಲ್ಲಿ ಚೌಕಶಿ ಎಂದರೆ ಗುಟ್ಟಾಗಿ ವಿಚಾರಿಸುವುದು. ಒಂದು ಕಡೆಯ ಸೋದರಮಾವ ಯಾರಿಗೂ ಹೇಳದೆ ಇನ್ನೊಂದು ಕಡೆಯವರ ಊರಿಗೆ ಬಂದು, ಚೌಕಿನಲ್ಲಿ ಚಹಾ ಕುಡಿಯುತ್ತ, ತೊಗರಿಯ ಧಾರಣಿ ಕೇಳುತ್ತ, ನಡುವೆ ಏನೂ ಅಲ್ಲದವನಂತೆ “ಅಂದಹಾಗ ಆ ಓಣ್ಯಾಗಿನ ಅವರು ಹ್ಯಾಂಗ್ರಿ?” ಎನ್ನುತ್ತಾನೆ. ಈ ಪ್ರಶ್ನೆಗೆ ಉತ್ತರ ಕೊಡುವವನು ಊರಲ್ಲಿ ಒಬ್ಬ ಬೇಕು. ಹೊಗಳಿದರೆ ನಂಬುವುದಿಲ್ಲ, ತೆಗಳಿದರೆ ಆಮೇಲೆ ಹೊಡೆತ ಬೀಳುತ್ತದೆ. ಹುಮನಾಬಾದಿನಲ್ಲಿ ಆ ಕೆಲಸ ಗುಂಡಪ್ಪನದು. ಅವನು ಇದುವರೆಗೆ ಯಾರ ಬಗ್ಗೆಯೂ ಸುಳ್ಳು ಹೇಳಿಲ್ಲ ಎಂಬ ಖ್ಯಾತಿ ಸುತ್ತಮುತ್ತ ಹರಡಿತ್ತು.

ಚಿತ್ರ ಬಂದ ಮೇಲೆ ಅವನ ಕೆಲಸ ಹಗುರಾಯಿತು. ಈಗ ಅವನು ಯಾರ ಹೆಸರನ್ನೂ ಎತ್ತಬೇಕಾಗಿರಲಿಲ್ಲ. ಬಂದವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರೆ ಮುಗಿಯಿತು.

ಬೇಮಳಖೇಡದ ಒಬ್ಬ ಹುಡುಗನ ಬಗ್ಗೆ ಹೀಗೇ ಕೇಳಿದಾಗ ಗುಂಡಪ್ಪ ಕೆಂಪು ಕೋಟಿನವನನ್ನು ತೋರಿಸಿ, “ಕೋಟ್ ಛಲೋ ಅದ. ಎಡಗಡಿ ನಾಕ ಮಂದಿ ದೋಸ್ತರು ನಗಾಕತ್ತಾರ, ಬಲಗಡಿ ಅವ್ವ ಕರಿಯಾಕತ್ತಾಳ. ಅಂವ ಯಾ ಕಡಿ ತಿರಗ್ಯಾನ, ನೀವೇ ನೋಡ್ರಿ,” ಎಂದಿದ್ದ. ಹೆಣ್ಣಿನ ಕಡೆಯವರು ನೋಡಿ, ನಮಸ್ಕಾರ ಮಾಡಿ, ಬೇರೆ ಊರಿನ ಬಸ್ಸು ಹತ್ತಿದರು. ಕೆಲವು ದಿನಗಳ ಮೇಲೆ ಹುಡುಗನ ಕಾಕಾ ಬಡಿಗೆ ಹಿಡಿದು ಬಂದ.

“ನಮ್ಮ ಹುಡುಗನ ಬಗ್ಗೆ ಏನ್ ಹೇಳಿದಿಯೋ?”

“ನಿಮ್ಮ ಹುಡುಗನ ಹೆಸರೇ ನಾ ಎತ್ತಿಲ್ರಿ. ಈ ಕೆಂಪ್ ಕೋಟಿನವನ ಬಗ್ಗೆ ಮಾತಾಡಿದೆ. ಇಟಲಿದವ. ಸತ್ತು ಭಾಳ ವರ್ಷ ಆದ್ವು. ಬೇಕಾದ್ರ ಮಾಸ್ತರಗ ಕೇಳ್ರಿ.”

ಕಾಕಾ ಬಡಿಗೆ ಗೋಡೆಗೆ ಒರಗಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದ. “ಆದ್ರ ಇಂವ ನಮ್ಮ ಹುಡುಗನಂಗ ಯಾಕ ನಿಂತಾನ?” ಎಂದ. ಆಮೇಲೆ ಚಹಾ ಕುಡಿದು, ಬಡಿಗೆ ಮರೆತು ಹೋದ.

ಹೀಗೆ ಊರಿನ ಅರ್ಧ ಮಂದಿಗೆ ಆ ಚಿತ್ರದಲ್ಲಿ ಜಾಗ ಸಿಕ್ಕಿತ್ತು. ನಾನೂ ಒಮ್ಮೆ ಆಸೆಯಿಂದ ಕೇಳಿದ್ದೆ. ಬೆಳ್ಳಿಯ ಹಿಡಿಕೆಯ ಕೋಲು ಹಿಡಿದ ಟೋಪನ್ ಕೂದಲಿನ ಗೃಹಸ್ಥನ ಮೇಲೆ ನನ್ನ ಕಣ್ಣಿತ್ತು. ಗುಂಡಪ್ಪ ಔಷಧಿ ಮಾರುವವನ ಹಲಗೆಯ ಕೆಳಗೆ ಬೆರಳಿಟ್ಟು, “ಈ ಬಾಯಿ ತಕ್ಕೊಂಡು ನಿಂತಾನಲ್ರೀ, ಇಂವ,” ಎಂದ. ಆ ದಿನದಿಂದ ನಾನು ಆ ಮೂಲೆಗೆ ಬೆನ್ನು ಮಾಡಿ ಕೂರುತ್ತೇನೆ.

“ನೀ ಎಲ್ಲಿ ಇದ್ದೀಯಪ್ಪಾ?” ಎಂದು ಸಿಟ್ಟಿನಿಂದ ಕೇಳಿದ್ದಕ್ಕೆ ಅವನು, “ನಾ ಚಿತ್ರದಾಗ ಇಲ್ರಿ ಮಾಸ್ತರ. ನಾ ಚಿತ್ರ ನೋಡವ,” ಎಂದಿದ್ದ.

ಅವನ ಮಗಳು ವಿಜಯಶ್ರೀ ಬಿ.ಎಸ್ಸಿ. ಮುಗಿಸಿ ಇಂಡಸ್ಟ್ರಿಯಲ್ ಏರಿಯಾದ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬಸವಕಲ್ಯಾಣದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟ ಬಸವಕಿರಣ ಎಂಬ ಹುಡುಗನಿಗೆ ಅವಳನ್ನು ಕೇಳಿದರು. ಹುಡುಗ ಬಂದು ನೋಡಿದ, ಇವಳೂ ಅವನನ್ನು ನೋಡಿದಳು. ಇಬ್ಬರೂ ಒಪ್ಪಿದರು. ಎಷ್ಟು ಒಪ್ಪಿದ್ದರೆಂದರೆ ಫೋನಿನ ಚಾರ್ಜರ್ ಗೋಡೆಯಿಂದ ಕೀಳುವುದನ್ನೇ ಬಿಟ್ಟಿದ್ದರು. ಉಳಿದದ್ದು ಚೌಕಶಿ ಮಾತ್ರ. ಅದರಲ್ಲಿ ಫೇಲಾದರೆ ಹುಡುಗನ ಮನೆಯ ಹಿರಿಯರು ಒಪ್ಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಮನೆಗೂ ಗುಂಡಪ್ಪನ ಮನೆಗೂ ನಡುವೆ ಒಂದೇ ಗೋಡೆ. ಅದಕ್ಕೆ ಕಿವಿ ಇದೆಯೋ ಇಲ್ಲವೋ, ನನಗೆ ಎರಡಿವೆ. ಆ ದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿನ ನಡುನಡುವೆ ಪಾರ್ವತಿಬಾಯಿಯ ಮಾತು ಕೇಳಿಸಿತು.

“ಚೌಕಶಿ ಮಾಡಾಕ ಬರ್ತಾರ. ಬಂದವ್ರು ಎಲ್ಲಿಗೆ ಬರ್ತಾರ?”

“ಚೌಕಿಗೆ.”

“ಚೌಕಿನಾಗ ಯಾರು ನಿಂತಿರ್ತಾರ?”

“ನಾ.”

“ಹುಡುಗಿ ಅಪ್ಪ ಏನ್ ಮಾಡ್ತಾನಂತ ಕೇಳಾಕ ಬಂದವ್ರಿಗೆ, ಹುಡುಗಿ ಅಪ್ಪ ಏನೂ ಮಾಡದೇ ನಿಂತಿದ್ದು ಕಾಣಬೇಕೇನ್ರಿ?”

“ನಾ ಸುಮ್ನ ನಿಂತಿರೂದಿಲ್ಲ. ನೋಡ್ತಿರ್ತೀನಿ.”

ಒಂದು ರೊಟ್ಟಿಗೆ ಬೇಕಾದದ್ದಕ್ಕಿಂತ ಜೋರಾಗಿ ಏಟು ಬಿತ್ತು.

“ದುಬಲಗುಂಡಿಗೆ ಹೋಗ್ರಿ. ಅವ್ರು ಬಂದು ಹೋಗೂತನಕ ಹೊಲದಾಗ ಇರ್ರಿ. ಹೊಲಕ್ಕ ನಿಮ್ಮ ಮಾರಿ ಮರತ ಹೋಗಿರಬೇಕು. ಗೌಸಭಾಯಿಗೆ ನಾ ಹೇಳೀನಿ. ಯಾರರೆ ಕೇಳಿದ್ರ ನೀವು ಅಡತಿ ವ್ಯಾಪಾರದಾಗ ಅದೀರಂತ ಹೇಳ್ತಾನ.”

ಗುಂಡಪ್ಪ ಹಳೆಯ ಅಂಗಿ ಹಾಕಿಕೊಂಡು ದುಬಲಗುಂಡಿಯ ಬಸ್ಸು ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಚೌಕು ಬೋಳು ಬೋಳಾಗಿ ಕಂಡಿತು. ಗೌಸನ ಹೋಟೆಲಿನ ಮುಂದೆ ಅವನು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಎಮ್ಮೆ ಬಂದು ನಿಂತಿತು. ಅದೂ ಬಸ್ಸಿನಿಂದ ಇಳಿಯುವವರನ್ನೇ ನೋಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಬಿಳಿ ಅಂಗಿಯ, ದಪ್ಪ ಮೀಸೆಯ ಒಬ್ಬರು ಬಂದು ಕೂತು ಚಹಾ ಹೇಳಿದರು. ಗೌಸನಿಗೆ ತೊಗರಿಯ ಧಾರಣಿ ಕೇಳಿದರು. ಗೌಸ್ ಹೇಳುವಷ್ಟರಲ್ಲಿ ಅವರ ಗಮನ ಬೇರೆ ಕಡೆ ಹೋಗಿತ್ತು. ತೊಗರಿಯ ಧಾರಣಿ ಕೇಳಿ ಉತ್ತರ ಕೇಳಿಸಿಕೊಳ್ಳದವನು ಚೌಕಶಿಗೇ ಬಂದವನು. ಇದರಲ್ಲಿ ಎರಡು ಮಾತಿಲ್ಲ. ಗೌಸ್ ನನ್ನ ಕಡೆ ಹುಬ್ಬು ಹಾರಿಸಿದ.

“ಯಾ ಊರ್ರಿ?” ಎಂದು ನಾನು ಕೇಳಿದೆ.

“ಬಸವಕಲ್ಯಾಣ್ರಿ. ವೈಜನಾಥ ಅಂತಾರ.” ಹುಡುಗನ ಸೋದರಮಾವನ ಹೆಸರು ಅದೇ ಎಂದು ಗೋಡೆಯ ಮೂಲಕ ನನಗೆ ಗೊತ್ತಿತ್ತು. ಹೆಣ್ಣು ನೋಡಲು ಬಂದವರಲ್ಲಿ ಅವರು ಇರಲಿಲ್ಲ. ಮಾತಿಗೆ ಮಾತು ಇರಲಿ ಎಂದು ಚಿತ್ರದ ಕಡೆ ಕೈ ಮಾಡಿ, ಅದು ಬಹಳ ಹಳೆಯದು ಎಂದೆ. ಅವರು ತಿರುಗಿ ನೋಡಿ, “ನಮ್ಮೂರಾಗ ಗ್ವಾಡಿಗೆ ಒರಗಿ ಕುಂತ್ರ ಸಾವಿರ ವರ್ಷ ಅಂಗಿಗಿ ಹತ್ತತದ್ರಿ,” ಎಂದರು. ಮುಂದೆ ಮಾತು ಬೆಳೆಯಲಿಲ್ಲ. ಅವರೇ ಮೀಸೆ ಒರೆಸಿಕೊಂಡು ವಿಷಯಕ್ಕೆ ಬಂದರು.

“ಅಂದಹಾಗ, ಇಲ್ಲಿ ಗುಂಡಪ್ಪ ಅಂತ ಒಬ್ರು ಅದಾರಲ್ರೀ, ಅವ್ರು ಏನ್ ಮಾಡ್ತಾರ?”

“ವ್ಯಾಪಾರ!” ಎಂದ ಗೌಸ್.

“ಒಕ್ಕಲುತನ!” ಎಂದೆ ನಾನು, ಅದೇ ಗಳಿಗೆಯಲ್ಲಿ.

ವೈಜನಾಥರು ಇಬ್ಬರ ಮುಖವನ್ನೂ ನೋಡಿದರು. ಗೌಸ್ ಹಿಂದೆ ಸರಿಯುವವನಲ್ಲ. “ಅರೇ ಸಾಬ್, ಗುಂಡಪ್ಪಸೇಠ ಇಲ್ದೇ ಗಂಜಿನಾಗ ತೊಗರಿ ತೂಕ ಆಗಂಗಿಲ್ಲ! ಬಿಲ್ಕುಲ್ ಆಗಂಗಿಲ್ಲ!” ಎಂದ. ನಾನು ಎರಡನ್ನೂ ಹೊಂದಿಸಲು ಹೋಗಿ, “ಅಂದ್ರ, ಒಕ್ಕಲುತನನೂ ಅದ, ವ್ಯಾಪಾರನೂ ಅದ, ಜೊತಿಗೆ ಸಮಾಜಸೇವೆ,” ಎಂದುಬಿಟ್ಟೆ.

ಅಲ್ಲಿಗೆ ಕೆಲಸ ಕೆಟ್ಟಿತು. ನಮ್ಮ ಕಡೆ ಒಬ್ಬನನ್ನು ಸಮಾಜಸೇವಕ ಎಂದು ಪರಿಚಯಿಸಿದರೆ ಅವನಿಗೆ ಬೇರೆ ಕೆಲಸವಿಲ್ಲ ಎಂದೇ ಅರ್ಥ. ವೈಜನಾಥರು ಚಹಾದ ಬಶಿಯನ್ನು ಮೆಲ್ಲಗೆ ಕೆಳಗಿಟ್ಟರು.

“ಅದು ಹೋಗಲಿ. ಇಲ್ಲಿ ಚಿತ್ರ ತೋರಿಸಿ ಹೇಳೋರು ಒಬ್ರು ಇರ್ತಾರಂತಲ್ರೀ? ನಮ್ಮ ಕಡಿ ಎಲ್ಲಾರೂ ಚಿತ್ರದವ್ರು ಅಂತಾರ. ಹೆಸರು ಗೊತ್ತಿಲ್ಲ. ಅವ್ರು ಸುಳ್ಳು ಹೇಳೂದಿಲ್ಲಂತ. ಅವ್ರಿಗಿ ಕೇಳಬೇಕಂತ ಬಂದೀನಿ.”

“ಅವ್ರಾ? ಅವ್ರು ಊರಾಗ ಇಲ್ಲ ಸಾಬ್. ಎಂಟ್ ದಿನ ಬರೂದಿಲ್ಲ. ಹೈದರಾಬಾದಿಗೆ—”

“ಗೌಸಾ! ಹೊಲದಾಗ ಮಂದಿನೇ ಇಲ್ಲೋ ಮಾರಾಯಾ! ಎಲ್ಲಿ ನೋಡಿದಲ್ಲಿ ಬರೇ ತೊಗರಿ!”

ಬಾಗಿಲಲ್ಲಿ ಗುಂಡಪ್ಪ ನಿಂತಿದ್ದ, ಚಪ್ಪಲಿಗೆ ಕರಿಮಣ್ಣು ಮೆತ್ತಿಕೊಂಡು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು, “ಕಾಕಾ, ನೀವು ಹಿಂಗ ನೋಡಕೊಂತ ನಿಂತ್ರ ನಮಗ ಕೈ ಓಡಂಗಿಲ್ಲ,” ಎಂದು ಅವನನ್ನು ವಾಪಸು ಅಟ್ಟಿದ್ದರಂತೆ. ಗೌಸ್ ಕಣ್ಣು ಹೊಡೆದ. ನಾನು ಕೆಮ್ಮಿದೆ. ಜೀವಮಾನವೆಲ್ಲ ಮಂದಿಯ ಮುಖ ಓದಿದ ಗುಂಡಪ್ಪನಿಗೆ ಅವತ್ತು ನಮ್ಮಿಬ್ಬರ ಮುಖ ಓದಲು ಬರಲಿಲ್ಲ.

“ಚಿತ್ರದವ್ರು ನೀವೇ ಏನ್ರಿ?” ಎಂದು ವೈಜನಾಥರು ಎದ್ದು ನಿಂತರು.

“ಹೌದ್ರಿ. ಬರ್ರಿ, ಹಿಂಗ ಬರ್ರಿ. ಯಾರ ಬಗ್ಗೆ ಆಗಬೇಕಾಗಿತ್ತು?” ಎಂದು ಅವನು ಉತ್ಸಾಹದಿಂದ ಗೋಡೆಯ ಕಡೆ ನಡೆದೇಬಿಟ್ಟ.

“ಗುಂಡಪ್ಪ ಅಂತ ಅದಾರಂತ್ರಿ. ಮಗಳು ವಿಜಯಶ್ರೀ, ಕಂಪನಿಯಾಗ ನೌಕರಿ ಮಾಡ್ತಾಳ. ಹುಡುಗಿ ಬಗ್ಗೆ ಕೇಳಂಗಿಲ್ರಿ, ಆಕಿ ಬಂಗಾರ. ಆಕಿ ಅಪ್ಪ ಹ್ಯಾಂಗ?”

ಗೌಸ್ ಒಲೆಯ ಮೇಲಿನ ಹಾಲು ಉಕ್ಕಲು ಬಿಟ್ಟ. ಗುಂಡಪ್ಪನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಅವನ ಕೈ ಮೆಲ್ಲಗೆ ಏರಿ ಬೆಳ್ಳಿ ಕೋಲಿನ ಗೃಹಸ್ಥನ ಹತ್ತಿರ ಹೋಯಿತು. ತೋರಿಸೋ, ತೋರಿಸಿಬಿಡೋ, ನನಗಂತೂ ಸಿಗಲಿಲ್ಲ, ನೀನಾದರೂ ಆಗು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಬೆರಳು ಅಲ್ಲಿ ನಿಂತಿತು, ಕೆಳಗೆ ಇಳಿಯಿತು. ಬಯಲಿನ ನಟ್ಟನಡುವೆ ಬಂದು ನಿಂತಿತು.

“ಮೊದಲ ಈಕಿನ್ನ ನೋಡ್ರಿ,” ಎಂದ. “ಇಡೀ ಚೌಕಿನಾಗ ಎಲ್ಲಾರೂ ನೆರಳ ಹಿಡದು ನಿಂತಾರ. ಈಕಿ ಒಬ್ಬಾಕಿ ಬುಟ್ಟಿ ಹೊತ್ತು ಬಿಸಿಲಾಗ ಹೊಂಟಾಳ. ಈಕಿ ಹುಡುಗಿ ಅವ್ವ. ಆ ಮನಿ ಇರೂದು ಈಕಿ ತಲಿ ಮ್ಯಾಲ.”

“ನಾ ಅಪ್ಪನ ಬಗ್ಗೆ ಕೇಳಿದ್ದು.”

“ಅಲ್ಲಿಗೇ ಹೊಂಟೀನ್ರಿ. ಇಲ್ಲಿ, ಈ ಕಂಬದ ನೆರಳಾಗ ಕೈ ಹಿಂದ ಕಟ್ಟಿ ಒಬ್ಬ ನಿಂತಾನ ನೋಡ್ರಿ. ಕಾಣವಲ್ಲ? ಕಾಣಂಗಿಲ್ಲ, ಅಷ್ಟ ಸಣ್ಣವ. ತಾ ನೋಡಲಿಲ್ಲಂದ್ರ ಚೌಕ ನಡಿಯಂಗಿಲ್ಲಂತ ತಿಳಕೊಂಡಾನ. ಆ ಬುಟ್ಟಿಯಾಕಿ ಅವನ ಮುಂದೇ ಹಾದು ಹೋಗ್ಯಾಳ. ಅವನ ಕಣ್ಣ ಎಲ್ಲಿ ಅದ ಹೇಳ್ರಿ?”

ವೈಜನಾಥರು ಬಗ್ಗಿ ನೋಡಿದರು. “ನಾಯಿ ಮ್ಯಾಲ.”

“ಇಂವ ಗುಂಡಪ್ಪ.”

“ಕುಡಿತಾನೇನು?”

“ಚಹಾ.”

“ಜೂಜು?”

“ಜೂಜಿಗೆ ಕುಂದ್ರಬೇಕಾಗತದ್ರಿ. ಅಂವ ಕುಂದ್ರಂಗಿಲ್ಲ.”

“ಮಗಳ ಮ್ಯಾಲ ಜೀವ ಅದ ಇಲ್ಲ?”

ಗುಂಡಪ್ಪ ಗಾಜಿನ ಮೇಲಿನ ಬೆರಳು ತೆಗೆದ. ಆಮೇಲೆ, “ಅದು ಚಿತ್ರದಾಗ ಬಂದಿಲ್ರಿ,” ಎಂದ.

“ಇಷ್ಟೆಲ್ಲಾ ಒಳಗಿಂದು ನಿಮಗ ಹ್ಯಾಂಗ ಗೊತ್ತು?”

“ನಾನೇ ಗುಂಡಪ್ಪ.”

ವೈಜನಾಥರು ಅವನ ಚಪ್ಪಲಿಯಿಂದ ತಲೆಯವರೆಗೆ ನೋಡಿ, ಚಿತ್ರ ನೋಡಿ, ಮತ್ತೆ ಅವನನ್ನು ನೋಡಿದರು. ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು, “ವಿಚಾರ ಮಾಡಿ ಹೇಳ್ತೀವ್ರಿ,” ಎಂದು ಹೊರಟುಹೋದರು. ನಮ್ಮಲ್ಲಿ ‘ವಿಚಾರ ಮಾಡಿ ಹೇಳ್ತೀವಿ’ ಎಂದವರು ವಿಚಾರ ಮಾಡುವುದೂ ಇಲ್ಲ, ಹೇಳುವುದೂ ಇಲ್ಲ.

ಗೌಸ್ ಸೌಟು ಎತ್ತಿಕೊಂಡೇ ಬಂದ. “ತೇರಿ ಅಕಲ್ ಎಲ್ಲಿ ಹೋಗಿತ್ತೋ! ಮಂದಿ ಮಕ್ಕಳ ಸಲುವಾಗಿ ನಾ ಇವತ್ತು ಎಷ್ಟ ಸುಳ್ಳ ಹೇಳೀನಿ! ಅಪ್ಪ ಆಗಿ ನೀ ಒಂದು ಹೇಳಾಕ ಆಗಲಿಲ್ಲ?”

“ಇವತ್ತು ಸುಳ್ಳ ಹೇಳಿದ್ರ ನಾಳಿಗಿ ಯಾ ಮಾರಿ ಹೊತ್ತು ಚೌಕಿನಾಗ ನಿಲ್ಲಲೋ?” ಎಂದ ಗುಂಡಪ್ಪ. ಅವನ ಚಿಂತೆ ಸತ್ಯದ್ದೋ, ನಿಲ್ಲುವ ಜಾಗದ್ದೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತಿರಲಿಲ್ಲ. ಅವತ್ತು ಮೊದಲ ಸಲ ಅವನು ಬೆಂಚಿನ ಮೇಲೆ ಕುಳಿತದ್ದನ್ನು ನಾವು ನೋಡಿದೆವು. ಕೂತಾಗ ಅವನು ಇನ್ನೂ ಚಿಕ್ಕವನಾಗಿ ಕಂಡ. “ವಿಜಿಗೆ ಏನಂತ ಹೇಳಲಿ?” ಎಂದು ಯಾರಿಗೂ ಅಲ್ಲದ ಹಾಗೆ ಕೇಳಿದ.

ಹುಮನಾಬಾದಿನಲ್ಲಿ ಸುದ್ದಿಗೆ ಬಸ್ಸು ಬೇಕಾಗಿಲ್ಲ. ಉಕ್ಕಿದ ಹಾಲು ಒರೆಸುವಷ್ಟರಲ್ಲಿ ಪಾರ್ವತಿಬಾಯಿ ಚೌಕು ದಾಟಿ ಬರುವುದು ಕಾಣಿಸಿತು. ಖಾನಾವಳಿಗೆ ಹೊರಟವಳು ದಾರಿ ಬದಲಿಸಿದ್ದಳು. ತಲೆಯ ಮೇಲೆ ತುಂಬಿದ ರೊಟ್ಟಿಯ ಬುಟ್ಟಿ, ಮೊಣಕೈಯವರೆಗೆ ಹಿಟ್ಟು, ನೆತ್ತಿಯ ಮೇಲೆ ಉರಿಬಿಸಿಲು. ಆಕೆ ಇಷ್ಟು ವರ್ಷದಲ್ಲಿ ಗೌಸನ ಹೋಟೆಲಿನ ಹೊಸ್ತಿಲು ತುಳಿದವಳಲ್ಲ. ಒಳಗಿದ್ದ ಗಂಡಸರೆಲ್ಲ ಒಮ್ಮೆಲೇ ತಮ್ಮ ತಮ್ಮ ಬಶಿಯೊಳಗೆ ಏನೋ ಹುಡುಕತೊಡಗಿದರು. ನಾನು ಎಲ್ಲರಿಗಿಂತ ಮೊದಲು.

ಆಕೆ ಬುಟ್ಟಿಯನ್ನು ಮೇಜಿನ ಮೇಲೆ ಇಳಿಸಿದಳು. ಬೈಯಲಿಲ್ಲ. “ಯಾವಾಕಿ? ತೋರಸ್ರಿ,” ಎಂದಳು.

ಗುಂಡಪ್ಪ ಎದ್ದು ಬೆರಳು ಇಟ್ಟು ತೋರಿಸಿದ. ಪಾರ್ವತಿಬಾಯಿ ಸೆರಗಿನಿಂದ ಗಾಜು ಒರೆಸಿ, ಹತ್ತಿರ ಹೋಗಿ ನೋಡಿದಳು.

“ಬುಟ್ಟಿ ಸಣ್ಣದಾತು.”

“ಹಾಂ?”

“ಇಷ್ಟ ಸಣ್ಣ ಬುಟ್ಟಿಲೇ ನಿಮ್ಮ ಮನಿ ನಡೀತಿತ್ತೇನು?”

ಗುಂಡಪ್ಪ ತಲೆ ತಗ್ಗಿಸಿದ.

“ಹೊರಗಿನವ್ರ ಮುಂದ ಹೇಳಾಕ ಬಾಯಿ ಬಂತು. ಮನಿ ಇರೂದು ಆಕಿ ತಲಿ ಮ್ಯಾಲಂತ. ಮನಿಯಾಗ ಇಷ್ಟ ವರ್ಷ ಒಮ್ಮೆರೆ ಹೇಳಿದ್ರೇನು?”

“ಮನಿಯಾಗ ಚಿತ್ರ ಇಲ್ಲಲ್ಲ,” ಎಂದ ಗುಂಡಪ್ಪ. ತಮಾಷೆಗಲ್ಲ, ಪಾಪ, ನಿಜವಾಗಿಯೂ ಅದೇ ಕಾರಣವೆಂದು ಅವನು ನಂಬಿದ್ದ.

ಆಕೆಗೆ ನಗು ಬಂತೋ ಅಳು ಬಂತೋ, ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. “ಸಂಬಂಧ ಮುರದ್ರ ಆ ಹುಡುಗಿ ಮಾರಿ ಹ್ಯಾಂಗ ನೋಡಲಿ ನಾ?” ಎಂದಳು.

“ಮುರದಿಲ್ರಿ ಅಕ್ಕಾರ.”

ಬಾಗಿಲಲ್ಲಿ ವೈಜನಾಥರು ನಿಂತಿದ್ದರು. ಬಸ್‌ ನಿಲ್ದಾಣದ ಕಡೆ ಹೊರಟವರು, ಬಿಸಿಲಲ್ಲಿ ಚೌಕು ದಾಟುತ್ತಿದ್ದ ಬುಟ್ಟಿಯನ್ನು ನೋಡಿ, ಆಕೆಯ ಹಿಂದೆಯೇ ವಾಪಸು ಬಂದಿದ್ದರು. ಒಳಗೆ ಬಂದು ಪಾರ್ವತಿಬಾಯಿಗೆ ಕೈ ಮುಗಿದರು. “ನಾ ಹುಡುಗನ ಸೋದರಮಾವ್ರಿ. ಈಟು ಊರು ತಿರಗೀನಿ, ಚೌಕಶಿ ಮಾಡೀನಿ. ಎಲ್ಲಾ ಕಡಿ ಮದುವಿ ಆದ ಮ್ಯಾಲ ಒಂದೊಂದೇ ಗೊತ್ತಾಗತದ. ನಿಮ್ಮ ಮನಿದು ಆಮ್ಯಾಲ ಗೊತ್ತಾಗೂದು ಏನೂ ಉಳದೇ ಇಲ್ಲ. ಇನ್ನ ಅಡ್ಡಿ ಏನದ? ನಮ್ಮ ಕಡಿಂದ ಒಪ್ಪಿಗಿ ಅಂತ ತಿಳಕೋರಿ.”

ಗೌಸ್ “ಅಲ್ಹಮ್ದುಲಿಲ್ಲಾ!” ಎಂದು ಕೂಗಿ, ಕೇಳದಿದ್ದರೂ ಎಲ್ಲರಿಗೂ ಚಹಾ ಇಡಲು ಹೋದ. ಗುಂಡಪ್ಪ ನಗಲು ಬಾಯಿ ತೆರೆದ. ಆದರೆ ಪಾರ್ವತಿಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ನಿಂತಿದ್ದಳು.

“ಗೌಸಭಾಯ್, ಚಹಾ ಜರಾ ತಡೀರಿ. ಅಣ್ಣಾರ, ನಿಮ್ಮದು ಆತು. ನಮ್ಮದು ಇನ್ನಾ ಆಗಿಲ್ಲ.”

“ಅಂದ್ರ?”

“ನಮ್ಮ ಮನಿಯವ್ರು ಅಪ್ಪನ್ನ ತೋರಸಿದ್ರು, ಅವ್ವನ್ನ ತೋರಸಿದ್ರು. ಮುಚ್ಚಿಡಲಿಲ್ಲ. ಈಗ ನಿಮ್ಮ ಹುಡುಗ ಇದರಾಗ ಯಾವವ, ನೀವು ತೋರಸ್ರಿ.”

ಚೌಕಶಿಗೆ ಬಂದವರನ್ನೇ ಚೌಕಶಿ ಮಾಡಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ವೈಜನಾಥರು ನಗುತ್ತ, “ಅಕ್ಕಾರ, ಹುಡುಗ ಭಾಳ ಛಲೋ—” ಎಂದು ಶುರು ಮಾಡಿದರು. ಆಕೆ ಚಿತ್ರದ ಕಡೆ ಕೈ ಚಾಚಿದಳು, ಅಷ್ಟೇ. ಗುಂಡಪ್ಪ ಸಹಾಯಕ್ಕೆಂದು ಮುಂದೆ ಬಂದ. “ನೀವು ಸುಮ್ನಿರ್ರಿ,” ಎಂದಳು.

ವೈಜನಾಥರು ಜೇಬಿನಿಂದ ಚಷ್ಮಾ ತೆಗೆದು ಹಾಕಿಕೊಂಡರು. ಬೆಳ್ಳಿ ಕೋಲಿನ ಗೃಹಸ್ಥನ ಮೇಲೆ ಅವರ ಬೆರಳೂ ಒಂದು ಗಳಿಗೆ ತಂಗಿತು. ಅವನು ಎಲ್ಲರಿಗೂ ಬೇಕಾದವನು. ಹಿಂದೆ ಪಾರ್ವತಿಬಾಯಿಯ ಬಳೆ ಸದ್ದಾದ ಕೂಡಲೇ ಅಲ್ಲಿಂದ ಎದ್ದಿತು. ಔಷಧಿ ಮಾರುವವನನ್ನು ದಾಟಿತು, ಕೆಂಪು ಕೋಟಿನವನನ್ನು ಅವಸರದಲ್ಲಿ ದಾಟಿತು. ಕೊನೆಗೆ ಬಲಗಡೆಯ ಕೊಟ್ಟಕೊನೆಗೆ, ಇಷ್ಟು ವರ್ಷ ನೋಡಿದರೂ ನಮ್ಮಲ್ಲಿ ಯಾರೂ ಗಮನಿಸದ ಒಂದು ಮೂಲೆಯಲ್ಲಿ ನಿಂತಿತು. ಅಲ್ಲಿ ಒಬ್ಬ ನಿಚ್ಚಣಿಕೆ ಹತ್ತಿ ಅಂಗಡಿಗೆ ಬಟ್ಟೆಯ ಮಾಡು ಕಟ್ಟುತ್ತಿದ್ದ. ಇನ್ನೊಬ್ಬ ಕೆಳಗೆ ನಿಂತು ನಿಚ್ಚಣಿಕೆ ಹಿಡಿದಿದ್ದ.

“ಇಂವ. ನಿಚ್ಚಣಿಕಿ ಹಿಡಕೊಂಡವ.”

ಪಾರ್ವತಿಬಾಯಿ ಬಗ್ಗಿ ನೋಡಿದಳು. “ಹಿಡದಾನ ಖರೆ. ಕಣ್ಣ ಆ ಬೀಸಣಿಗಿ ಹುಡುಗ್ಯಾರ ಕಡಿ ಅದಾವಲ್ಲ?”

ವೈಜನಾಥರು ಮತ್ತೆ ನೋಡಿದರು. ಹೌದು, ಅಲ್ಲೇ ಇದ್ದವು. ಅವರು ಚಷ್ಮಾ ತೆಗೆದು ಒರೆಸಿದರು. “ಸುಳ್ಳ ಹೇಳಂಗಿಲ್ರಿ ಅಕ್ಕಾರ. ಕಣ್ಣ ಒಮ್ಮೊಮ್ಮೆ ಹೋಗ್ತಾವ. ವಯಸ್ಸು ಅದ. ಆದ್ರ ನಿಚ್ಚಣಿಕಿ ಬಿಟ್ಟಿಲ್ಲ ನೋಡ್ರಿ. ನಮ್ಮ ಅಕ್ಕ, ಅಂದ್ರ ಇವನ ಅವ್ವ, ಹೋದ ವರ್ಷ ಹಾಸಿಗಿ ಹಿಡದಾಗ ಆಕಿಗಿ ಗಂಜಿ ಕುಡಸಿದವ ಇವನೇ. ಅಂಗಡಿ ಬಂದ್ ಮಾಡಿದ, ಆಕಿನ್ನ ಬಿಡಲಿಲ್ಲ.”

ಪಾರ್ವತಿಬಾಯಿ ಬಹಳ ಹೊತ್ತು ಆ ಸಣ್ಣ ಮನುಷ್ಯನನ್ನು ನೋಡಿದಳು. ಅವನ ಕೈ ನೋಡಿದಳು, ಕಾಲು ಊರಿದ ರೀತಿ ನೋಡಿದಳು. ರೊಟ್ಟಿ ಬೆಂದಿದೆಯೋ ಇಲ್ಲವೋ ನೋಡುವಾಗ ಆಕೆಯ ಮುಖ ಹೀಗೇ ಇರುತ್ತದೆಂದು ಕಾಣುತ್ತದೆ. ಗುಂಡಪ್ಪ ಚಿತ್ರವನ್ನು ನೋಡುತ್ತಿರಲಿಲ್ಲ, ಹೆಂಡತಿಯನ್ನೇ ನೋಡುತ್ತಿದ್ದ.

“ಗೌಸಭಾಯ್, ಈಗ ಇಡ್ರಿ ಚಹಾ,” ಎಂದಳು. ಬುಟ್ಟಿಯ ಬಾಯಿಯ ಬಟ್ಟೆ ಸರಿಸಿ ಒಂದು ರೊಟ್ಟಿ ತೆಗೆದು ವೈಜನಾಥರ ಕೈಗೆ ಕೊಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು. “ನಿಂತೇ ಅದೀರಲ್ಲ. ವಿಜಿಗೆ ಫೋನ್ ಹಚ್ರಿ.”

“ಏನಂತ ಹೇಳಲಿ?”

“ನಿಚ್ಚಣಿಕಿ ಹಿಡಿಯವ ಸಿಕ್ಕಾನಂತ ಹೇಳ್ರಿ. ಕಣ್ಣಿಂದೂ ಹೇಳ್ರಿ, ಮುಚ್ಚಬ್ಯಾಡ್ರಿ.”

ಗುಂಡಪ್ಪ ಫೋನ್ ಹಚ್ಚಿದ. ಆ ಕಡೆಯಿಂದ ವಿಜಯಶ್ರೀ “ಹಲೋ, ಅಪ್ಪಾ?” ಎಂದದ್ದು ನಮಗೆಲ್ಲ ಕೇಳಿಸಿತು. ಊರಿನ ಎಲ್ಲರ ಬಗ್ಗೆಯೂ ಮಾತಾಡಬಲ್ಲ ಮನುಷ್ಯ ಫೋನ್ ಹಿಡಿದುಕೊಂಡೇ ಗೋಡೆಯ ಚಿತ್ರದ ಕಡೆ ತಿರುಗಿದ. ಪಾರ್ವತಿಬಾಯಿ ಅವನ ಕೈಯಿಂದ ಫೋನ್ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಇನ್ನೊಂದು ಕೈಯಿಂದ ತುಂಬಿದ ಬುಟ್ಟಿಯನ್ನು ಅವನ ಕಡೆ ಸರಿಸಿ, ಖಾನಾವಳಿಯ ದಾರಿಗೆ ಹುಬ್ಬು ಹಾರಿಸಿದಳು. ಗುಂಡಪ್ಪ ಒಮ್ಮೆ ನಮ್ಮನ್ನೆಲ್ಲ ನೋಡಿ, ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಬಿಸಿಲಿಗೆ ಇಳಿದ.